ಮಾಹಿತಿ ಸೋರಿದೆಯೆಂಬ ಪತ್ರ ಬಂದಾಗ ರೈತರು ಕೈಗೊಳ್ಳಬೇಕಾದ ಕ್ರಮಗಳು



ಸಾಲ, ಬೆಳೆ ವಿಮೆ, ಸಹಾಯಧನ, ಹನಿ ನೀರಾವರಿ ಇವುಗಳಲ್ಲಿ ಯಾವುದು ಬೇಕೆಂದರೂ ಈಗ ರೈತನು ಪಹಣಿಯ ಜೊತೆಗೆ ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ ಹಾಗೂ ಅನೇಕ ವೇಳೆ ಹೆಬ್ಬೆಟ್ಟಿನ ಗುರುತನ್ನೂ ಕೊಡಬೇಕಾಗಿದೆ. ಹೀಗೆ ಕೊಟ್ಟ ವಿವರಗಳು ಬ್ಯಾಂಕು, ವಿಮಾ ಕಂಪನಿ, ಮೊಬೈಲ್ ಕಂಪನಿ, ಸರ್ಕಾರಿ ಕಚೇರಿ ಮುಂತಾದ ಹತ್ತಾರು ಕಡೆಯ ಗಣಕಯಂತ್ರಗಳಲ್ಲಿ ಉಳಿಯುತ್ತವೆ. ಅವುಗಳಲ್ಲಿ ಯಾವುದೋ ಒಂದು ಕಡೆ ಕಳ್ಳರು ಒಳಹೊಕ್ಕರೆ, ಅಥವಾ ನೋಡಿಕೊಳ್ಳುವವರ ಅಜಾಗರೂಕತೆಯಿಂದ ವಿವರಗಳು ಹೊರಬಿದ್ದರೆ, ಅದಕ್ಕೆ ಮಾಹಿತಿ ಸೋರಿಕೆ ಎನ್ನುತ್ತಾರೆ. ಸೋರಿಕೆಯಾದ ಸಂಸ್ಥೆಯು ಆ ವಿಷಯವನ್ನು ಪತ್ರ, ಇ-ಮೇಲ್ ಅಥವಾ ಮೊಬೈಲ್ ಸಂದೇಶದ ಮೂಲಕ ತಿಳಿಸುವುದುಂಟು.

ಇಂತಹ ಪತ್ರ ಬಂದಾಗ ಕೆಲವರು ಗಾಬರಿಯಾಗಿ ಖಾತೆಯಲ್ಲಿದ್ದ ಹಣವನ್ನೆಲ್ಲ ತೆಗೆದು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಹೆಚ್ಚಿನವರು ಜಾಹೀರಾತೆಂದು ಬಗೆದು ಎಸೆದುಬಿಡುತ್ತಾರೆ. ಈ ಎರಡೂ ಸರಿಯಲ್ಲ. ಎಲೆ ಹಳದಿಯಾದ ಮಾತ್ರಕ್ಕೆ ಸಿಕ್ಕಿದ ಔಷಧಿಯನ್ನು ಸಿಂಪಡಿಸಿದರೆ ಪ್ರಯೋಜನವಿಲ್ಲ. ಅದು ರೋಗವೋ, ಕೀಟವೋ, ಪೋಷಕಾಂಶದ ಕೊರತೆಯೋ ಎಂಬುದನ್ನು ಮೊದಲು ಗುರುತಿಸಬೇಕು. ಇಲ್ಲಿಯೂ ಮೊದಲು ನೋಡಬೇಕಾದದ್ದು ನಿಮ್ಮ ಯಾವ ವಿವರ ಸೋರಿದೆ ಎಂಬುದನ್ನು. ಮಾಡಬೇಕಾದ ಉಪಾಯವೆಲ್ಲ ಅದನ್ನೇ ಅವಲಂಬಿಸಿದೆ.

ಪತ್ರ ನಿಜವೇ?

ಮೊದಲು ಈ ಸಂಶಯ ಪರಿಹಾರವಾಗಬೇಕು. ಸೋರಿಕೆಯ ಸುದ್ದಿ ಹರಡಿದ ಕೂಡಲೇ ಅದರ ಹೆಸರಿನಲ್ಲಿಯೇ ಸುಳ್ಳು ಸಂದೇಶಗಳು ಬರತೊಡಗುತ್ತವೆ. ನಿಜವಾದ ಪತ್ರವು ಏನಾಯಿತು, ಯಾವಾಗ ಆಯಿತು, ಯಾವ ವಿವರ ಹೋಗಿದೆ, ವಿಚಾರಿಸಲು ಯಾರನ್ನು ಕಾಣಬೇಕು ಎಂಬುದನ್ನು ತಿಳಿಸುತ್ತದೆ. ಅದು ನಿಮ್ಮ ಪಿನ್ ಸಂಖ್ಯೆ ಕೇಳುವುದಿಲ್ಲ, ಒ.ಟಿ.ಪಿ. ಕೇಳುವುದಿಲ್ಲ, ಹಣ ಕಟ್ಟಲು ಹೇಳುವುದಿಲ್ಲ. ವಾಟ್ಸಾಪಿನಲ್ಲಿ ಒಂದು ಕಡತ ಕಳುಹಿಸಿ ಅದನ್ನು ಮೊಬೈಲಿಗೆ ಹಾಕಿಕೊಳ್ಳಿರೆಂದು ಹೇಳಿದರಂತೂ ಅದು ಮೋಸವೇ ಸರಿ. ಪಿ.ಎಂ. ಕಿಸಾನ್ ಹೆಸರಿನಲ್ಲಿ ಇಂತಹ ಎ.ಪಿ.ಕೆ. ಕಡತಗಳು ಹಳ್ಳಿಯ ಗುಂಪುಗಳಲ್ಲಿ ಓಡಾಡಿ ಹಲವರ ಹಣ ಹೋಗಿದೆ. ಪತ್ರದಲ್ಲಿ ಕೊಟ್ಟಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡದೆ, ನಿಮ್ಮ ಪಾಸ್ ಬುಕ್ಕಿನಲ್ಲಿ ಅಥವಾ ವಿಮಾ ಪತ್ರದಲ್ಲಿ ಅಚ್ಚಾಗಿರುವ ಸಂಖ್ಯೆಗೆ ಕರೆ ಮಾಡಿ ವಿಚಾರಿಸಿ. ಶಾಖೆ ಹತ್ತಿರವಿದ್ದರೆ ಸ್ವತಃ ಹೋಗುವುದು ಮೇಲು.

ಪತ್ರ ನಿಜವೆಂದು ಖಾತ್ರಿಯಾದರೆ ಅದನ್ನು ಪಹಣಿ, ತೆರಿಗೆ ರಸೀದಿಗಳ ಜೊತೆ ಜೋಪಾನವಾಗಿಡಿ. ಅದು ಕೈಸೇರಿದ ತಾರೀಕನ್ನು ಮೇಲೆಯೇ ಬರೆದಿಡಿ. ಮುಂದೆ ಖಾತೆಯಿಂದ ಹಣ ಹೋದ ಪಕ್ಷದಲ್ಲಿ ತಪ್ಪು ನಿಮ್ಮದಲ್ಲವೆಂದು ತೋರಿಸಲು ಅದು ಒಳ್ಳೆಯ ಸಾಕ್ಷಿ.

ಪತ್ರ ಬಾರದೆಯೂ ಇರಬಹುದು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ಇಂತಹ ಘಟನೆಯನ್ನು 6 ಗಂಟೆಗಳೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ಆದರೆ ಬಾಧಿತರಾದ ನಿಮಗೆ ತಿಳಿಸಬೇಕೆಂದು ಅದರಲ್ಲಿ ಇಲ್ಲ. ಆ ಕಟ್ಟುಪಾಡು ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸೋರಿಕೆಯನ್ನು ಬಾಧಿತರಿಗೆ ತಿಳಿಸುವ ನಿಯಮಕ್ಕೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಆದುದರಿಂದ ಪತ್ರ ಬಾರದೆ ಪತ್ರಿಕೆಯಲ್ಲಿ ಸುದ್ದಿ ಮಾತ್ರ ಓದಿದರೂ ಮುಂದೆ ಹೇಳಿರುವ ಕ್ರಮಗಳನ್ನು ಕೈಗೊಳ್ಳುವುದರಿಂದ ನಷ್ಟವೇನಿಲ್ಲ.

ಯಾವ ವಿವರಕ್ಕೆ ಯಾವ ಉಪಾಯ?

ಹೆಸರು, ಊರು, ಮೊಬೈಲ್ ಸಂಖ್ಯೆ ಮಾತ್ರ ಹೋಗಿದ್ದರೆ ಕಚೇರಿಗಳಿಗೆ ಅಲೆಯಬೇಕಾಗಿಲ್ಲ. ಆದರೆ ಕರೆಗಳು ಬರುತ್ತವೆ. ಕರೆ ಮಾಡಿದವನು ನಿಮ್ಮ ತಂದೆಯ ಹೆಸರು, ಸರ್ವೆ ನಂಬರು, ಪಡೆದಿರುವ ಸಾಲ ಎಲ್ಲವನ್ನೂ ಸರಿಯಾಗಿ ಹೇಳಿದ ಮಾತ್ರಕ್ಕೆ ಅವನು ಬ್ಯಾಂಕಿನವನೆಂದು ನಂಬಬಾರದು. ಆ ವಿವರಗಳು ಸೋರಿಕೆಯಿಂದಲೇ ಅವನ ಕೈಗೆ ಬಂದಿರಬಹುದು.

ಗುಪ್ತಪದ ಅಥವಾ ಪಿನ್ ಹೋಗಿದ್ದರೆ ಅದೇ ದಿನ ಬದಲಾಯಿಸಿ. ಒಂದೇ ಗುಪ್ತಪದವನ್ನು ಎರಡು ಮೂರು ಕಡೆ ಇಟ್ಟುಕೊಂಡಿದ್ದರೆ ಎಲ್ಲ ಕಡೆಯೂ ಬದಲಾಯಿಸಬೇಕು. ಎ.ಟಿ.ಎಂ. ಕಾರ್ಡಿನ ಸಂಖ್ಯೆ ಹೋಗಿದ್ದರೆ ಕಾರ್ಡನ್ನು ನಿಲ್ಲಿಸಿ ಹೊಸದನ್ನು ಪಡೆಯಿರಿ. ಬರಿಯ ಖಾತೆ ಸಂಖ್ಯೆಯಿಂದ ಯಾರೂ ಹಣ ತೆಗೆಯಲಾರರು. ಖಾತೆಯ ಮೇಲೆ ಕಣ್ಣಿಟ್ಟರೆ ಸಾಕು.

ಆಧಾರ್ ಸಂಖ್ಯೆ ಮತ್ತು ಬೆರಳ ಗುರುತು ಹೋದದ್ದು ಇವೆಲ್ಲಕ್ಕಿಂತ ಗಂಭೀರವಾದ ವಿಷಯ. ಪಿನ್ ಬದಲಾಯಿಸಬಹುದು, ಕಾರ್ಡ್ ಬದಲಾಯಿಸಬಹುದು, ಹೆಬ್ಬೆಟ್ಟನ್ನು ಬದಲಾಯಿಸುವಂತಿಲ್ಲ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಒಂದು ಸಣ್ಣ ಯಂತ್ರದ ಮೇಲೆ ಬೆರಳು ಇರಿಸಿಕೊಂಡು ಹಣ ಕೊಡುವುದನ್ನು ನೀವು ಬಲ್ಲಿರಿ. ಅಲ್ಲಿ ಪಿನ್ ಬೇಕಿಲ್ಲ, ಒ.ಟಿ.ಪಿ. ಬೇಕಿಲ್ಲ, ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಇಷ್ಟೇ ಸಾಕು. ಬ್ಯಾಂಕು ದೂರವಿರುವ ಊರುಗಳಿಗೆ, ವಯಸ್ಸಾದವರಿಗೆ ಇದರಿಂದ ಬಹಳ ಉಪಕಾರವಾಗಿದೆ. ಕಳ್ಳರಿಗೂ ಇದೇ ದಾರಿಯಾಗಿದೆ. 2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಸಿಮ್ ಮಾರುವವನೊಬ್ಬನು ಭೂಮಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳಿಂದ ರಬ್ಬರ್ ಮೊಹರಿನಂತಹ ಅಚ್ಚುಗಳನ್ನು ಮಾಡಿ ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿ ಸಿಕ್ಕಿಬಿದ್ದನು. 2023ರಲ್ಲಿ ನಮ್ಮ ರಾಜ್ಯದಲ್ಲಿ, ಮುಖ್ಯವಾಗಿ ಮಂಗಳೂರು ಕಡೆಯಲ್ಲಿ, ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಗಳಿಂದ ಹೀಗೆಯೇ ಹಣ ಹೋದ ಬಗ್ಗೆ ಪೊಲೀಸರಲ್ಲಿ ದೂರುಗಳು ದಾಖಲಾದವು. ಜಮೀನಿನ ಕ್ರಯ, ವಿಭಾಗ, ಅಡಮಾನ ಎಂದು ರೈತನು ನೋಂದಣಿ ಕಚೇರಿಗೆ ಹೋಗದೆ ಇರಲಾರನು. ಹಾಗಾಗಿ ಈ ವಿಷಯ ನಮಗೆ ಇತರರಿಗಿಂತ ಹೆಚ್ಚು ಹತ್ತಿರದ್ದು.

ಬೆರಳಿಗೆ ಬೀಗ

ಆಧಾರ್ ಪ್ರಾಧಿಕಾರವು ಇದಕ್ಕೆಂದೇ ಒಂದು ಬೀಗವನ್ನು ಒದಗಿಸಿದೆ. ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಎಂಬುದನ್ನು ಒತ್ತಿದರೆ ಅಲ್ಲಿಂದ ಮುಂದೆ ನಿಮ್ಮ ಬೆರಳ ಗುರುತು ಎಲ್ಲಿಯೂ ನಡೆಯುವುದಿಲ್ಲ. ನಕಲಿ ಅಚ್ಚೂ ನಡೆಯುವುದಿಲ್ಲ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲ್ ಮಾತ್ರ ನಿಮ್ಮ ಕೈಯಲ್ಲಿರಬೇಕು, ಏಕೆಂದರೆ ಒ.ಟಿ.ಪಿ. ಅದಕ್ಕೇ ಬರುತ್ತದೆ. ಹಳೆಯ ಸಂಖ್ಯೆ ಬಿಟ್ಟುಹೋಗಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಹೊಸ ಸಂಖ್ಯೆಯನ್ನು ಸೇರಿಸಿಕೊಳ್ಳಿ. ಇದು ನಿಮ್ಮಿಂದ ಆಗದಿದ್ದರೆ ಓದುತ್ತಿರುವ ಮಕ್ಕಳ ನೆರವು ಪಡೆಯಿರಿ. ಗುರುತಿಲ್ಲದವರ ಕೈಗೆ ಮೊಬೈಲ್ ಕೊಡಬೇಡಿ. ಸಂದೇಹವಿದ್ದಲ್ಲಿ 1947 ಸಂಖ್ಯೆಗೆ ಕರೆ ಮಾಡಬಹುದು.

ಬೀಗ ಹಾಕಿದರೆ ಪಿ.ಎಂ. ಕಿಸಾನ್ ಹಣ ನಿಂತುಹೋದೀತೇ ಎಂದು ತರಬೇತಿಗೆ ಬರುವ ರೈತರು ತಪ್ಪದೆ ಕೇಳುತ್ತಾರೆ. ನಿಲ್ಲುವುದಿಲ್ಲ. ಖಾತೆಗೆ ಜಮೆಯಾಗುವ ಹಣಕ್ಕೆ ಬೆರಳು ಬೇಕಿಲ್ಲ. ತೆಗೆಯುವಾಗ ಮಾತ್ರ ಬೇಕು. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ತರುವಾಗ, ಬೆರಳು ಕೊಟ್ಟು ಇ-ಕೆವೈಸಿ ಮಾಡಿಸುವಾಗ ಸ್ವಲ್ಪ ಹೊತ್ತಿನ ಮಟ್ಟಿಗೆ ಬೀಗ ತೆಗೆಯಬೇಕಾಗುತ್ತದೆ. ಇದು ತುಸು ತೊಂದರೆಯ ಕೆಲಸವೇ. ಮನೆಯಲ್ಲಿ ಪಡಿತರ ತರಲು ಒಬ್ಬರ ಬೆರಳನ್ನು ಮಾತ್ರ ತೆರೆದಿಟ್ಟು, ಖಾತೆಯಲ್ಲಿ ಹೆಚ್ಚು ಹಣವಿರುವವರ ಬೆರಳಿಗೆ ಬೀಗ ಹಾಕಿದರೆ ಅನುಕೂಲವೆಂದು ನಮ್ಮ ಅಭಿಪ್ರಾಯ.

ಅದೇ ಜಾಲತಾಣದಲ್ಲಿ ಹಿಂದಿನ 6 ತಿಂಗಳಲ್ಲಿ ನಿಮ್ಮ ಆಧಾರ್ ಯಾವಾಗ ಯಾವಾಗ ಬಳಕೆಯಾಗಿದೆ ಎಂಬ ಪಟ್ಟಿಯೂ ಸಿಗುತ್ತದೆ. ನೀವು ಗದ್ದೆಯಲ್ಲಿದ್ದ ದಿನ ಬೆರಳು ಕೊಟ್ಟಂತೆ ದಾಖಲಾಗಿದ್ದರೆ ತಡಮಾಡದೆ ಬ್ಯಾಂಕಿಗೆ ಹೋಗಿ. ಇನ್ನು ಮುಂದೆ ಆಧಾರ್ ನಕಲು ಕೊಡುವಾಗ ಕೊನೆಯ 4 ಅಂಕೆಗಳು ಮಾತ್ರ ಕಾಣುವ ಪ್ರತಿಯನ್ನು ಕೊಡಿ; ಅದೂ ಪ್ರಾಧಿಕಾರದ ಜಾಲತಾಣದಲ್ಲಿಯೇ ದೊರೆಯುತ್ತದೆ.

ನಿಮ್ಮ ಹೆಸರಿನಲ್ಲಿ ಸಾಲ, ಸಿಮ್

ಪಾನ್ ಕಾರ್ಡ್, ಭಾವಚಿತ್ರ, ಆಧಾರ್ ಮೂರೂ ಹೋಗಿದ್ದರೆ ಬೇರೆಯವರು ನಿಮ್ಮ ಹೆಸರಿನಲ್ಲಿ ಸಾಲ ಎತ್ತುವ ಸಂಭವವುಂಟು. ಇದು ಗೊತ್ತಾಗುವುದು ಬೆಳೆಸಾಲಕ್ಕೆ ಹೋದಾಗ. ಹಳೆಯ ಸಾಲ ಬಾಕಿಯಿದೆಯೆಂದು ಬ್ಯಾಂಕು ಅರ್ಜಿಯನ್ನು ತಿರಸ್ಕರಿಸಿದಾಗ. ಬಿತ್ತನೆಯ ಹೊತ್ತಿಗೆ ಈ ತಕರಾರು ಎದ್ದರೆ ಆ ಹಂಗಾಮು ಕೈಬಿಟ್ಟಂತೆಯೇ. ಸಿಬಿಲ್ ಮುಂತಾದ ಸಾಲ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಮುಂಗಾರಿಗೆ ಮುಂಚೆಯೇ ಅದನ್ನು ತರಿಸಿ ನೋಡಿ. ನಿಮ್ಮದಲ್ಲದ ಸಾಲ ಕಂಡರೆ ಆ ಕಂಪನಿಗೂ ಸಾಲ ಕೊಟ್ಟವರಿಗೂ ಲಿಖಿತ ದೂರು ಕೊಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು.

ಹಣ ಹೋಗಿಯೇಬಿಟ್ಟರೆ

ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ. ಕಳ್ಳನು ಹಣವನ್ನು ಮುಂದಕ್ಕೆ ಸಾಗಿಸುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಆರಂಭದ ಗಂಟೆಗಳಲ್ಲಿ. ಅನಂತರ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಂತೆ, ನಿಮ್ಮದೂ ಅಲ್ಲದ, ಬ್ಯಾಂಕಿನದೂ ಅಲ್ಲದ ತಪ್ಪಿನಿಂದ ಬೇರೆಲ್ಲೋ ಸೋರಿಕೆಯಾಗಿ ಹಣ ಹೋದರೆ, ಬ್ಯಾಂಕಿನ ಸಂದೇಶ ಬಂದ ನಂತರದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ನಷ್ಟದ ಹೊಣೆ ಇರುವುದಿಲ್ಲ. 4ರಿಂದ 7 ದಿನಗಳಾದರೆ ಜನಧನದಂತಹ ಮೂಲ ಉಳಿತಾಯ ಖಾತೆಗೆ ಗರಿಷ್ಠ 5,000 ರೂ., ಇತರ ಉಳಿತಾಯ ಖಾತೆಗೆ 10,000 ರೂ. ತನಕ ನಷ್ಟ ನಿಮ್ಮ ಪಾಲಿಗೆ ಬರುತ್ತದೆ. ಪಿನ್ ಅಥವಾ ಒ.ಟಿ.ಪಿ.ಯನ್ನು ನೀವೇ ಹೇಳಿಕೊಟ್ಟಿದ್ದರೆ ಮಾತ್ರ, ದೂರು ಕೊಡುವವರೆಗಿನ ನಷ್ಟವೆಲ್ಲ ನಿಮ್ಮದೇ.

ಇಲ್ಲಿ ದಿನಗಳ ಎಣಿಕೆ ಬ್ಯಾಂಕಿನ ಸಂದೇಶದಿಂದ ಶುರುವಾಗುತ್ತದೆ ಎಂಬುದನ್ನು ಗಮನಿಸಿ. ಎಷ್ಟೋ ರೈತರು ಖಾತೆ ತೆರೆದಾಗ ಕೊಟ್ಟ ಸಿಮ್ ಈಗ ಬಳಸುತ್ತಿಲ್ಲ. ಸಂದೇಶ ಆ ಹಳೆಯ ಸಂಖ್ಯೆಗೆ ಹೋಗುತ್ತದೆ. ಕಂಪನಿಯು ಅದನ್ನು ಬೇರೊಬ್ಬರಿಗೆ ಕೊಟ್ಟಿದ್ದರೂ ಕೊಟ್ಟಿರಬಹುದು. ಹಣ ಹೋದದ್ದು ಪಾಸ್ ಬುಕ್ ಬರೆಸಿದಾಗ, ಎರಡು ತಿಂಗಳ ಮೇಲೆ, ತಿಳಿಯುತ್ತದೆ. ಪತ್ರ ಬಂದಿರಲಿ ಬಾರದಿರಲಿ, ಈ ವಾರವೇ ಬ್ಯಾಂಕಿಗೆ ಹೋಗಿ ಸರಿಯಾದ ಮೊಬೈಲ್ ಸಂಖ್ಯೆ ಬರೆಸಿ.

ಬ್ಯಾಂಕಿಗೆ ಬರೆಯುವ ಅರ್ಜಿಯ ಮಾದರಿ

"ವ್ಯವಸ್ಥಾಪಕರು, ............ ಬ್ಯಾಂಕ್, ............ ಶಾಖೆ, ಇವರಿಗೆ.

ಮಾನ್ಯರೆ, ನಾನು ತಮ್ಮ ಶಾಖೆಯಲ್ಲಿ ............ ಸಂಖ್ಯೆಯ ಖಾತೆ ಹೊಂದಿರುತ್ತೇನೆ. ............ ಸಂಸ್ಥೆಯಿಂದ ............ ತಾರೀಕಿನಂದು ನನಗೆ ಬಂದಿರುವ ಪತ್ರದ ಪ್ರಕಾರ ನನ್ನ ಆಧಾರ್ ಸಂಖ್ಯೆ ಮತ್ತು ಬೆರಳ ಗುರುತು ಸೋರಿಕೆಯಾಗಿರುತ್ತವೆ. ಪತ್ರದ ನಕಲನ್ನು ಲಗತ್ತಿಸಿದ್ದೇನೆ. ಆದಕಾರಣ ಬೆರಳ ಗುರುತಿನಿಂದ ಹಣ ತೆಗೆಯುವ ಸೌಲಭ್ಯವನ್ನು ನನ್ನ ಖಾತೆಗೆ ನಿಲ್ಲಿಸಬೇಕೆಂದೂ, ಪ್ರತಿಯೊಂದು ವ್ಯವಹಾರದ ಸಂದೇಶವನ್ನು ............ ಮೊಬೈಲ್ ಸಂಖ್ಯೆಗೆ ಕಳುಹಿಸಬೇಕೆಂದೂ ಕೋರುತ್ತೇನೆ."

ಹಣ ಹೋಗಿದ್ದರೆ ತಾರೀಕು, ಮೊತ್ತ ಹಾಗೂ 1930ರಲ್ಲಿ ಕೊಟ್ಟ ದೂರಿನ ಸಂಖ್ಯೆಯನ್ನು ಸೇರಿಸಿ. ಅರ್ಜಿಯನ್ನು ಎರಡು ಪ್ರತಿ ಬರೆದು ಒಂದರ ಮೇಲೆ ಬ್ಯಾಂಕಿನ ಮೊಹರು, ತಾರೀಕು, ಸಹಿ ಹಾಕಿಸಿಕೊಂಡು ಬನ್ನಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ದಿನಗಳ ಲೆಕ್ಕಕ್ಕೆ ಆಧಾರವಿರುವುದಿಲ್ಲ. 30 ದಿನಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಮೊಹರಿನ ಆ ಪ್ರತಿಯೊಂದಿಗೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವಿವರಗಳಿಗೆ 14448 ಸಂಖ್ಯೆಗೆ ಕರೆ ಮಾಡಿ.