ದಾಸವಾಳದ ಕಡ್ಡಿಗಳಿಂದ ಮನೆಯಲ್ಲಿಯೇ ಸಸಿ ಮಾಡುವ ಕ್ರಮ

ದಾಸವಾಳವು ದೇವರ ಪೂಜೆಗೂ, ಅರೆದು ತಲೆಗೆ ಹಚ್ಚುವ ಸೊಪ್ಪಿಗೂ, ಹಿತ್ತಿಲ ಬೇಲಿಗೂ ಒದಗುವ ಗಿಡವಾಗಿರುತ್ತದೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಸುತ್ತಣ ಗ್ರಾಮಗಳವರು ಇದರ ಸಸಿಗಳಿಗಾಗಿ ಹಣ ವೆಚ್ಚಮಾಡಬೇಕಾದ ಅವಶ್ಯಕತೆಯಿಲ್ಲ. ನೆರೆಮನೆಯ ಒಂದೇ ಗಿಡದಿಂದ ಹತ್ತಾರು ಸಸಿಗಳನ್ನು ಪಡೆಯಬಹುದು. ಆದರೆ ಕಡ್ಡಿಯೊಡನೆ ಹಿಟ್ಟುತಿಗಣೆಯೂ ಮನೆಗೆ ಬರಬಹುದು. ಈ ಕೀಟವು ಹಿಪ್ಪುನೇರಳೆಗೂ ಶತ್ರುವಾದುದರಿಂದ ಕಡ್ಡಿಯ ಆಯ್ಕೆಯೇ ಈ ಕೆಲಸದಲ್ಲಿ ಮುಖ್ಯವಾದುದು.

ಕಾಲ. ಈ ಸೀಮೆಯಲ್ಲಿ ಮಳೆಯು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಹೆಚ್ಚು. ಆದುದರಿಂದ ಆರಿದ್ರಾ ಮಳೆಯ ಕಾಲದಲ್ಲಿ ಕಡ್ಡಿ ನೆಟ್ಟರೆ, ಬೇರು ಬಲಿತ ಸಸಿಗಳು ಉತ್ತರೆ, ಹಸ್ತದ ಮಳೆಗೆ ಭೂಮಿಗಿಳಿಯಲು ಸಿದ್ಧವಾಗುವುವು. ಬೇಸಗೆಯಲ್ಲಿ ನೆಟ್ಟ ಕಡ್ಡಿಗಳು ಬೇಗ ಒಣಗುವುವು.

ಕಡ್ಡಿಯ ಆಯ್ಕೆ. ಬೀಜದಿಂದ ಬೆಳೆಸಿದ ಗಿಡವು ತಾಯಿಗಿಡದಂತೆಯೇ ಹೂ ಬಿಡುವುದೆಂಬ ಭರವಸೆಯಿಲ್ಲ. ಕಡ್ಡಿಯಿಂದ ಬಂದುದು ಅದರಂತೆಯೇ ಇರುವುದು. ತೀರ ಎಳೆಯದೂ ತೀರ ಬಲಿತದೂ ಅಲ್ಲದ, ಪೆನ್ಸಿಲಿನ ಗಾತ್ರದ ರೆಂಬೆಗಳನ್ನು ಆರಿಸಿ, ಮೂರು ನಾಲ್ಕು ಗೆಣ್ಣುಗಳುಳ್ಳ 6 ಅಂಗುಲದ ತುಂಡುಗಳನ್ನಾಗಿ ಹರಿತವಾದ ಚಾಕುವಿನಿಂದ ಕತ್ತರಿಸತಕ್ಕದ್ದು. ಬುಡದ ತುದಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿಯೂ ಮೇಲ್ತುದಿಯನ್ನು ನೇರವಾಗಿಯೂ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ಭಯವಿಲ್ಲ. ಮೇಲಿನ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಉಳಿಸಿ, ಮಿಕ್ಕವನ್ನೂ ಹೂಮೊಗ್ಗುಗಳನ್ನೂ ತೆಗೆದುಹಾಕಬೇಕು.

ನೆಡುವುದು. ತಳದಲ್ಲಿ ತೂತುಳ್ಳ ಕುಂಡದಲ್ಲಿ ದಪ್ಪ ಮರಳನ್ನೂ ಜರಡಿಯಾಡಿದ ಕೆಮ್ಮಣ್ಣನ್ನೂ ಸಮಭಾಗವಾಗಿ ತುಂಬಿ, ಎರಡು ಗೆಣ್ಣುಗಳು ಮಣ್ಣಿನೊಳಗೆ ಇರುವಂತೆ ಕಡ್ಡಿಯನ್ನು ನೆಟ್ಟು ಸುತ್ತಲೂ ಒತ್ತಬೇಕು. ಕುಂಡವನ್ನು ಹೊಂಗೆಯ ಮರದ ನೆರಳಿನಲ್ಲಿಟ್ಟು, ಮಣ್ಣು ಸದಾ ತೇವವಾಗಿರುವಂತೆ, ಆದರೆ ನೀರು ನಿಲ್ಲದಂತೆ ಚಿಮುಕಿಸತಕ್ಕದ್ದು. ನೀರು ನಿಂತರೆ ಬುಡವು ಕೊಳೆಯುವುದು. ಕಡ್ಡಿಯು ತನ್ನಲ್ಲಿ ಕೂಡಿಟ್ಟ ಸತ್ವದಿಂದ ಮೊದಲು ಚಿಗುರಬಹುದು. ಚಿಗುರು ಕಂಡ ಮಾತ್ರಕ್ಕೆ ಬೇರು ಬಿಟ್ಟಿತೆಂದು ಅದನ್ನು ಕೀಳಕೂಡದು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಅನಂತರ ಗೊಬ್ಬರ ಬೆರೆಸಿದ ಮಣ್ಣಿನ ಬೇರೆ ಕುಂಡಕ್ಕೆ ಬದಲಿಸಿ, ಸ್ವಲ್ಪಸ್ವಲ್ಪವಾಗಿ ಬಿಸಿಲಿಗೆ ಒಗ್ಗಿಸಿ, ತಿಂಗಳ ಮೇಲೆ ಭೂಮಿಯಲ್ಲಿ ನೆಡಬಹುದು. 1981ರಲ್ಲಿ ನವಿಲುಧಾಮವಾದ ಈ ಬೆಟ್ಟದ ಸುತ್ತ ನವಿಲುಗಳು ಎಳೆಯ ಸಸಿಯನ್ನು ಕುಕ್ಕದಂತೆ ಮುಳ್ಳುಕಂಟಿಯ ರಕ್ಷಣೆ ಒದಗಿಸುವುದು ಒಳ್ಳೆಯದು.

ಹಿಟ್ಟುತಿಗಣೆ. ತಾಯಿಗಿಡದ ತುದಿಗಳು ಮುರುಟಿದ್ದು, ಹಿಟ್ಟು ಚೆಲ್ಲಿದಂತೆ ಬಿಳಿಯ ಹುಳುಗಳಿದ್ದು, ಇರುವೆಗಳು ಓಡಾಡುತ್ತಿದ್ದರೆ ಅದರಿಂದ ಕಡ್ಡಿ ತೆಗೆಯಕೂಡದು. ಇದರಲ್ಲಿನ ಗುಲಾಬಿ ಬಣ್ಣದ ಜಾತಿಯೇ ಹಿಪ್ಪುನೇರಳೆಯಲ್ಲಿ ತುಕ್ರಾ ಎಂಬ ವ್ಯಾಧಿಯನ್ನುಂಟುಮಾಡಿ, ಎಲೆಗಳನ್ನು ಸುಕ್ಕುಗಟ್ಟಿಸಿ ರೇಷ್ಮೆಹುಳುವಿನ ಮೇವನ್ನು ಕೆಡಿಸುವುದು. ಆದ್ದರಿಂದ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ದಾಸವಾಳದ ಬೇಲಿ ಬೇಡ. ಕೀಟ ಹತ್ತಿದ ತುದಿಗಳನ್ನು ತಿಪ್ಪೆಗೆ ಎಸೆಯದೆ ಕತ್ತರಿಸಿ ಸುಡತಕ್ಕದ್ದು. ಹಿಪ್ಪುನೇರಳೆಯ ಸಮೀಪದಲ್ಲಿ ವಿಷದ ಔಷಧಿಯನ್ನು ಸಿಂಪಡಿಸಿದರೆ ರೇಷ್ಮೆಹುಳುಗಳಿಗೇ ಅಪಾಯ. ಹಿಟ್ಟುತಿಗಣೆಯನ್ನು ತಿನ್ನುವ ಒಂದು ಗುಲಗಂಜಿ ಹುಳುವಿನ ಮರಿಯೂ ಬಿಳಿಯ ಮೇಣವನ್ನು ಹೊದ್ದು ಅದರಂತೆಯೇ ಕಾಣುವುದು. ಆದರೆ ಅದು ಗಾತ್ರದಲ್ಲಿ ದೊಡ್ಡದಾಗಿದ್ದು ಚುರುಕಾಗಿ ನಡೆಯುವುದು. ಅದನ್ನು ಕೊಲ್ಲಬಾರದು.

ಊರಿನ ಯಜಮಾನರು ಕೀಟವಿಲ್ಲದ ಒಂದೆರಡು ತಾಯಿಗಿಡಗಳನ್ನು ಗುರುತಿಸಿ, ಕಡ್ಡಿ ಬೇಕಾದವರಿಗೆಲ್ಲ ಅವುಗಳಿಂದಲೇ ಕೊಡಿಸುವ ಏರ್ಪಾಡು ಮಾಡಿದಲ್ಲಿ, ಪ್ರತಿ ಮನೆಯ ಹಿತ್ತಿಲಿನಲ್ಲಿಯೂ ಹೂವಾಗುವುದಲ್ಲದೆ ಗ್ರಾಮದ ರೇಷ್ಮೆ ಬೆಳೆಗೂ ರಕ್ಷಣೆಯಾಗುವುದು.