ತೋಟದ ದಾರಿಗೆ ತಕ್ಕ ಚಕ್ರ



ತೋಟದ ಕಲ್ಲುದಾರಿಗಾಗಿ 17 ಇಂಚಿನ ಅಲಾಯ್ ಚಕ್ರಗಳನ್ನು ಹಾಕಿಸಬೇಕೆಂಬ ತಮ್ಮ ಅಭಿಲಾಷೆಯು ಶೋಭೆಯ ದೃಷ್ಟಿಯಿಂದ ಎಷ್ಟೇ ಸಹಜವಾಗಿದ್ದರೂ, ಕಲ್ಲಿನ ಆಘಾತವನ್ನು ಮೊದಲು ಸಹಿಸತಕ್ಕದ್ದು ಚಕ್ರವಲ್ಲ, ಟೈರಿನ ಪಾರ್ಶ್ವವೆಂಬುದನ್ನು ಮರೆಯಲಾಗದು. 215/60 ಆರ್ 17 ಅಳತೆಯ ಟೈರಿನ ಪಾರ್ಶ್ವದ ಎತ್ತರ ಸುಮಾರು 129 ಮಿಲಿಮೀಟರು, 215/75 ಆರ್ 15ರದು 161. ಒಟ್ಟು ವ್ಯಾಸದಲ್ಲಾದರೋ ಶೇಕಡ ಎರಡರಷ್ಟೇ ಅಂತರ. ಆದುದರಿಂದ, ಬ್ರೇಕಿಗೆ ತಗಲದೆ ಕೂರುವುದಾದರೆ, 15 ಇಂಚಿನ ಉಕ್ಕಿನ ಚಕ್ರವನ್ನೇ ಆರಿಸಿರಿ. ಬಲವಾದ ಪೆಟ್ಟಿಗೆ ಅಲಾಯ್ ಬಿರಿಯಬಹುದು, ಉಕ್ಕು ಸಾಮಾನ್ಯವಾಗಿ ಬಾಗುತ್ತದೆ, ಅಲ್ಪಸ್ವಲ್ಪ ಬಾಗಿದ್ದನ್ನು ಊರ ಗ್ಯಾರೇಜಿನವನೂ ಬಡಿದು ನೇರ್ಪಡಿಸಬಲ್ಲನು. ರೂಪಕ್ಕೆ ಮರುಳಾಗಿ ಕೆಸರಿನ ಟೈರನ್ನು ಕೊಳ್ಳದಿರಿ (ಡಾಂಬರಿನ ಮೇಲೆ ಅದರ ಗದ್ದಲ ಸಂಭಾಷಣೆಗೇ ಶತ್ರು), ಆಲ್-ಟೆರೇನ್ ಸಾಕು. ಸ್ಟೆಪ್ನಿಯೂ ಅದೇ ಅಳತೆಯದಾಗಿರಲಿ.