ಅಳಿವೆಯಲ್ಲಿ ಚಿತ್ರಪಾಠ

ಬಾಲಚರನೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಸಮವಸ್ತ್ರ, ಕೊರಳಿನ ಸ್ಕಾರ್ಫು, ಹಗ್ಗದ ಗಂಟು, ಸೀಟಿ. ಅವನ ಕೈಯಲ್ಲಿ ಸೀಸದಕಡ್ಡಿಯನ್ನೂ ಚಿತ್ರದ ಹಾಳೆಯನ್ನೂ ಊಹಿಸುವವರು ಕಡಮೆ. ಆದರೆ ಈ ಚಳವಳಿಯ ಹುಟ್ಟನ್ನು ಪರಿಶೀಲಿಸಿದರೆ ಪ್ರಕೃತಿವೀಕ್ಷಣೆಯೂ ಚಿತ್ರವೂ ಅದರೊಂದಿಗೇ ಬೆಳೆದವೆಂದು ಕಂಡುಬರುತ್ತದೆ. ಕಡಲತೀರದ ಜೌಗುನೆಲದಲ್ಲಿ ಬಾಲಚರರಿಗೆ ಚಿತ್ರಕಲೆಯ ಶಿಬಿರವನ್ನು ಏಕೆ ನಡೆಸಬೇಕು, ಹೇಗೆ ನಡೆಸಬೇಕು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

1907ರ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಸುಮಾರು 20 ಹುಡುಗರೊಡನೆ ತನ್ನ ಮೊದಲ ಶಿಬಿರವನ್ನು ಹೂಡಿದ್ದು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ. ಪೂಲ್ ಬಂದರಿನ ಉಪ್ಪುಜೌಗು, ಕೆಸರುಬಯಲುಗಳ ನಡುವೆ ಇರುವ ದ್ವೀಪವದು. ಅಲ್ಲಿ ಅವಲೋಕನಕ್ಕೊಂದು ದಿನ, ವನವಿದ್ಯೆಗೊಂದು ದಿನ ಮೀಸಲಾಗಿತ್ತು. ಹುಡುಗರ ನಾಲ್ಕು ಪಡೆಗಳಲ್ಲಿ ಒಂದಕ್ಕೆ ಕರ್ಲ್ಯೂ ಎಂಬ ಬಾಗಿದ ನೀಳಕೊಕ್ಕಿನ ಕೆಸರುಹಕ್ಕಿಯ ಹೆಸರಿತ್ತು. ಅದೇ ಜಾತಿಯ ಹಕ್ಕಿ ಚಳಿಗಾಲದಲ್ಲಿ ನಮ್ಮ ದೇಶದ ಕರಾವಳಿಗೂ ವಲಸೆ ಬರುತ್ತದೆ.

ಬೇಡನ್ ಪೊವೆಲ್ ಸ್ವತಃ ಎರಡು ಕೈಗಳಿಂದಲೂ ಚಿತ್ರ ಬರೆಯಬಲ್ಲವನಾಗಿದ್ದನು. ಚಿಟ್ಟೆಯ ರೆಕ್ಕೆಯ ಗೆರೆಗಳಲ್ಲಿ ಕೋಟೆಯ ನಕ್ಷೆಯನ್ನು ಅಡಗಿಸುತ್ತಿದ್ದ ಬಗೆಯನ್ನು 1915ರ ತನ್ನ ಪುಸ್ತಕವೊಂದರಲ್ಲಿ ಅವನು ವಿವರಿಸಿದ್ದಾನೆ. ಯುದ್ಧದ ಆ ಉಪಯೋಗ ನಮಗೆ ಬೇಡ. ಅದರ ಹಿಂದಿನ ಅಭ್ಯಾಸ ಬೇಕು. ಬರೆಯಬೇಕಾದವನು ನಿಲ್ಲಲೇಬೇಕು, ದಿಟ್ಟಿಸಲೇಬೇಕು. ಫೋಟೋ ತೆಗೆದವನು ಕ್ಷಣದಲ್ಲಿ ಮುಂದೆ ಸಾಗುತ್ತಾನೆ. ಚಿತ್ರ ಬರೆಯುವವನು ಏಡಿಗೆ ಕಾಲೆಷ್ಟೆಂದು ಎಣಿಸದೆ ಏಳುವಂತಿಲ್ಲ.

ಭಾರತದಲ್ಲಿ ಈ ಚಳವಳಿ ಕಾಲಿಟ್ಟದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಆದುದರಿಂದ ಚಿತ್ರಪಾಠಕ್ಕೂ ನಮ್ಮ ನಾಡಿನಲ್ಲೇ ಸ್ಥಳವನ್ನು ಹುಡುಕೋಣ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಯ ಅಳಿವೆ ಇದಕ್ಕೆ ಅತ್ಯಂತ ಯೋಗ್ಯವಾದುದು. ಇಲ್ಲಿ ಕಾಂಡ್ಲಾಕಾಡಿದೆ, ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳಿವೆ, ಇಳಿತದ ವೇಳೆ ಬಳಚು ಹೆಕ್ಕಿ ಜೀವನ ನಡೆಸುವ ಜನರಿದ್ದಾರೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರು ಪ್ರದೇಶ ರಾಮ್‌ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು.

ಇಂಥ ಕಡೆ ಶಿಬಿರದ ವೇಳಾಪಟ್ಟಿಯನ್ನು ಬರೆಯುವುದು ಗಡಿಯಾರವಲ್ಲ, ಸಮುದ್ರ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ದಿನದಿಂದ ದಿನಕ್ಕೆ ಆ ಹೊತ್ತು ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ನೀರಿನ ಏರಿಳಿತ ಹೆಚ್ಚು. ಊರಿನ ಅನುಭವಿ ಬೆಸ್ತರೊಬ್ಬರ ಜೊತೆಯಿಲ್ಲದೆ ಹುಡುಗರನ್ನು ಕೆಸರಿಗೆ ಇಳಿಸಕೂಡದು.

ಪಾಠಗಳು ಮೂರು ಸಾಕು. ಮೊದಲನೆಯದು ಬೇರಿನ ಚಿತ್ರ. ಒಂದು ಜಾತಿಯ ಕಾಂಡ್ಲಾ ಊರುಗೋಲಿನಂತಹ ಬೇರುಗಳ ಮೇಲೆ ನಿಂತಿರುತ್ತದೆ. ಇನ್ನೊಂದರ ಬೇರುಗಳು ಕೆಸರಿನಿಂದ ಕಡ್ಡಿಗಳಂತೆ ಮೇಲೆದ್ದು ಗಾಳಿಯನ್ನು ಸೇವಿಸುತ್ತವೆ. ಎರಡನ್ನೂ ಬರೆದ ಹುಡುಗನು, ಕೆಸರಿನೊಳಗೆ ಗಾಳಿ ಸಾಲದೆಂಬುದನ್ನು ಯಾರೂ ಹೇಳದೆಯೇ ಕೇಳಲಾರಂಭಿಸುತ್ತಾನೆ. ಎರಡನೆಯದು ಪ್ರಾಣಿಯ ಚಿತ್ರ: ಒಂದೇ ಕೊಂಡಿ ದೊಡ್ಡದಾಗಿರುವ ಗಂಡು ಏಡಿ, ಕೆಸರಿನ ಮೇಲೆ ಕುಪ್ಪಳಿಸುವ ಮೀನು. ಯಾವುದನ್ನೂ ಹಿಡಿಯದೆ, ಅಲುಗಾಡದೆ ಕುಳಿತು ಬರೆಯಬೇಕು. ಮೂರನೆಯದೇ ಮುಖ್ಯವಾದುದು: ಒಂದೇ ಸ್ಥಳದಲ್ಲಿ ಕುಳಿತು ಇಳಿತದಲ್ಲೊಮ್ಮೆ, ಉಬ್ಬರದಲ್ಲೊಮ್ಮೆ ಅದೇ ನೋಟವನ್ನು ಚಿತ್ರಿಸುವುದು.

ಈ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಜೌಗಿನ ಅರ್ಥ ಹೊಳೆಯುತ್ತದೆ. ಮುಂಜಾನೆ ಬರಿಯ ಕೆಸರೆಂದು ಕಂಡದ್ದು ಮಧ್ಯಾಹ್ನ ನೀರಿನ ಮನೆಯಾಗಿರುತ್ತದೆ. ಇಳಿತದ ಚಿತ್ರವನ್ನು ಮಾತ್ರ ಕಂಡವರು ಅದನ್ನು ಪಾಳುಭೂಮಿಯೆಂದು ಕರೆದು, ಮಣ್ಣು ತುಂಬಿ ಕಟ್ಟಡ ಎಬ್ಬಿಸಲು ಹೊರಡುತ್ತಾರೆ. ನೀರಿಗಾದರೋ ತನ್ನ ಜಾಗ ಮರೆಯುವುದಿಲ್ಲ. ಗಜನಿಯ ಕೆಲವು ಭಾಗಗಳು ಭತ್ತವನ್ನು ಬಿಟ್ಟು ಸಿಗಡಿಯ ಹೊಂಡಗಳಾದ ಕಥೆಯನ್ನೂ ಹುಡುಗರು ಊರಿನ ಹಿರಿಯರಿಂದ ಕೇಳಿ ತಿಳಿಯಬೇಕು. ಬಡವನಿಗೆ ಲಾಭವೂ ಬೇಕೆಂಬುದನ್ನು ಮರೆಯದೆ ತಿಳಿಯಬೇಕು.

ಅಂತರರಾಷ್ಟ್ರೀಯ ಪಟ್ಟಿ ಅಳಿವೆಗೆ ಗೌರವ ತಂದಿದೆ. ಆದರೆ ಅದನ್ನು ಕಾಯಬೇಕಾದವರು ಅದರ ದಡದಲ್ಲಿ ಬೆಳೆಯುವವರು; ನಾಳೆ ನಕ್ಷೆಗೆ ಸಹಿ ಹಾಕುವ ಅಧಿಕಾರಿಗಳು, ಎಂಜಿನಿಯರುಗಳು. ಅವರಲ್ಲೊಬ್ಬನು ಹನ್ನೆರಡನೆಯ ವಯಸ್ಸಿನಲ್ಲಿ ಆ ಎರಡು ಚಿತ್ರಗಳನ್ನು ಬರೆದಿದ್ದರೆ, ಸಹಿ ಹಾಕುವ ಮುನ್ನ ಅವನ ಕೈ ಒಂದು ಗಳಿಗೆಯಾದರೂ ತಡೆದೀತು. ಕಾಲೇಜುಗಳ ರೋವರ್, ರೇಂಜರ್ ಮಿತ್ರರು ರಜೆಯ ಎರಡು ದಿನಗಳನ್ನು ಕಿರಿಯ ಬಾಲಚರರಿಗಾಗಿ ಮೀಸಲಿಟ್ಟರೆ ಈ ಕಾರ್ಯಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಹಾಳೆ, ಸೀಸದಕಡ್ಡಿ, ಒಂದಿಷ್ಟು ಇದ್ದಿಲು, ತಾಳ್ಮೆ ಇಷ್ಟಿದ್ದರೆ ಸಾಕು.